ಜೇನುಗೂಡಿಗೆ ಪೊಲೀಸ್ ಬಂದದ್ದು

ಸುವರ್ಣಮ್ಮ: ಅಲ್ಲಾರೀ, ಜೇನುಹುಳದ ಡಾಕ್ಯುಮೆಂಟರೀಲಿ ಪೊಲೀಸ್ ಎಲ್ಲಿಂದ ಬಂದ?

ವೆಂಕಟರಾಮು: ಕೊಲೆ ಆದ್ಮೇಲೆ ಪೊಲೀಸ್ ಬರದೆ ಇನ್ಯಾರು ಬರ್ತಾರೆ?

ಸುವರ್ಣಮ್ಮ: ಕೊಲೆ ಯಾರದ್ದು, ರಾಣಿಹುಳದ್ದಾ?

ವೆಂಕಟರಾಮು: ಜೇನು ಸಾಕೋ ಮುದುಕನದ್ದು ಕಣೇ. 'ಜೇನು ಸಾಕುವವನ ಭಾವಮೈದ ಕೊನೆಗೆ ಸಿಕ್ಕಿಬೀಳುವ ದೃಶ್ಯ ಕರುಳು ಹಿಂಡುತ್ತದೆ' ಅಂತ ಬರೆದಿದೀನಲ್ಲ, ಸರಿಯಾಗಿ ಓದು.

ಅಮೆರಿಕದ ಟ್ರಾಯ್‌ನ ಕನ್ನಡ ಕೂಟದ ಇ-ಪತ್ರಿಕೆಯಲ್ಲಿ 'ಈ ತಿಂಗಳು ನಾನು ಕಂಡದ್ದು' ಎಂಬ ಸಿನಿಮಾ ಅಂಕಣ ವೆಂಕಟರಾಮು ಅವರದು. ಅವರು ಕಾಣುವುದು ಮೊದಲ ಕಾಲು ಗಂಟೆ ಮಾತ್ರ. ಆಮೇಲೆ ಸೋಫಾದ ಮೇಲೆ ಸಾಕ್ಷಾತ್ ಕುಂಭಕರ್ಣ. ಕೊನೆಯವರೆಗೆ ನೋಡುವವರು ಹೆಂಡತಿ ಸುವರ್ಣಮ್ಮ. ಮರುದಿನ ಕಾಫಿ ಹೊತ್ತಿಗೆ ಅವರನ್ನು ಕೆದಕಿ ಕೆದಕಿ ಕೇಳಿ ಅಂಕಣ ತಯಾರಾಗುತ್ತಿತ್ತು. ಈ ಸಲ ಸುವರ್ಣಮ್ಮ ಅರೋರಾದಲ್ಲಿರುವ ಮಗಳ ಮನೆಗೆ ಹೋಗಿದ್ದರು. ರಾಯರು ಒಬ್ಬರೇ ನೋಡಿದರು, ಒಬ್ಬರೇ ಬರೆದರು.

ಸುವರ್ಣಮ್ಮ: ನಿದ್ದೆ ಹೊಡೆದ್ರಿ. ಜೇನು ಮುಗೀತು, ಟಿವಿ ತಾನಾಗೇ ಮುಂದಿನ ಪಿಕ್ಚರ್ ಹಾಕ್ತು. ಅದರ ಕೊನೇಲಿ ಎದ್ರಿ. ಅಷ್ಟೇ.

ವೆಂಕಟರಾಮು: ನಿದ್ದೆ ಅಲ್ಲ. ಕಣ್ಣು ಮುಚ್ಚಿ ಸಂಗೀತ ಕೇಳ್ತಿದ್ದೆ.

ಸುವರ್ಣಮ್ಮ: ನಲವತ್ತು ಸಾವಿರ ಹುಳ ಗುಂಯ್ ಅನ್ನೋ ಸಂಗೀತನಾ? ಪತ್ರಿಕೆ ಸಂಪಾದಕಿ ಛಾಯಾಗೆ ಫೋನ್ ಮಾಡಿ, ತಪ್ಪಾಯ್ತು ಅನ್ನಿ.

ವೆಂಕಟರಾಮು: ಇವತ್ತಾ? ಕೂಟದ ಕಿರುಚಿತ್ರ ಸ್ಪರ್ಧೆಗೆ ನನ್ನ ಜಡ್ಜ್ ಮಾಡೋಕೇ ಗುರುಲಿಂಗಪ್ಪ ಊಟಕ್ಕೆ ಬರ್ತಿರೋದು. ಬಾಯ್ಬಿಟ್ರೆ ಬಣ್ಣಗೇಡು, ಸುಮ್ನಿರು.

ಸುವರ್ಣಮ್ಮ ಒಲೆಯ ಕಡೆ ತಿರುಗಿದರು. ಕೊನೆಗೆ ಹೆಸರುಗಳು ಓಡಿ ಮುಗಿಯುವವರೆಗೂ ಕೂತು ನೋಡುವವರು ತಾವು, ಜಡ್ಜ್ ಕುರ್ಚಿ ಮಾತ್ರ ಗೊರಕೆಗೆ! ಅದು ಅಸೂಯೆಯೇ, ಅವರೇನೂ ಮುಚ್ಚಿಡಲಿಲ್ಲ. ಒಗ್ಗರಣೆ ಸೌಟು ಸಿಂಕಿನಲ್ಲಿ ಧಡಾರನೆ ಬಿತ್ತು.

ಅಷ್ಟರಲ್ಲಿ ಬೆಲ್ಲು. ಕೂಟದ ಅಧ್ಯಕ್ಷ ಗುರುಲಿಂಗಪ್ಪನವರು ಹುಬ್ಬಳ್ಳಿ ಕಡೆಯವರು. ವಿಕ್ಸಮ್‌ನಿಂದ ಇಪ್ಪತ್ತೈದು ಮೈಲಿ ಡ್ರೈವ್ ಮಾಡಿಕೊಂಡು ಬಂದವರು ಶೂ ಬಿಚ್ಚುವ ಮೊದಲೇ ಶುರು ಹಚ್ಚಿಕೊಂಡರು.

ಗುರುಲಿಂಗಪ್ಪ: ಏನ್ ಬರದೀರಿ ಸಾಹೇಬ್ರ! ಆ ಜೇನಿನ ಪಿಕ್ಚರ್ ನಾನೂ ನೋಡೇನಿ. ಭಾವಮೈದಗ ಬೇಡಿ ಹಾಕೂ ಮುಂದ ನನ್ನ ಕಣ್ಣಾಗ ನೀರು ಬಂತ್ರೀ.

ವೆಂಕಟರಾಮು ಗೆದ್ದವರ ಹಾಗೆ ಹೆಂಡತಿಯ ಕಡೆ ನೋಡಿದರು. ಸುವರ್ಣಮ್ಮ ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಹೊಳೆಯಿತು: ಈ ಪುಣ್ಯಾತ್ಮ ನೋಡಿರುವುದು ಪಿಕ್ಚರನ್ನಲ್ಲ, ಅಂಕಣವನ್ನು.

ಸುವರ್ಣಮ್ಮ: ಹೌದಾ! ಹಾಗಾದ್ರೆ ಆ ಅಜ್ಜಿ ಜೇನುಗೂಡಿಗೆ ಬೆಂಕಿ ಹಚ್ತಾಳಲ್ಲ, ಅದು ಹೇಗಿತ್ತು?

ಗುರುಲಿಂಗಪ್ಪ: ಅದಂತೂ... ಭಾರೀ ತಗದಾರ ಬಿಡ್ರಿ ಅಕ್ಕಾರ!

ವೆಂಕಟರಾಮು: ಬೆಂಕಿ... ಹೂಂ, ಬೆಂಕಿ ಚೆನ್ನಾಗಿತ್ತು.

ಸುವರ್ಣಮ್ಮ: ಇಬ್ಬರಿಗೂ ಅಷ್ಟು ಹಿಡಿಸಿದ್ರೆ ಊಟ ಆದ್ಮೇಲೆ ಇನ್ನೊಂದ್ಸಲ ನೋಡೇಬಿಡೋಣ.

ಗುರುಲಿಂಗಪ್ಪ: ಛೇ ಛೇ, ಮತ್ತ ಯಾಕ್ರೀ ಅಕ್ಕಾರ...

ಸುವರ್ಣಮ್ಮ: ಜಡ್ಜ್ ಆಗೋರ ಪಕ್ಕ ಕೂತು ನೋಡೋ ಭಾಗ್ಯ ನಂಗೂ ಸಿಗ್ಲಿ.

ಬಿಸಿಬೇಳೆಬಾತು, ಮೊಸರನ್ನ, ಮೇಲೆ ಎರಡೆರಡು ಕಾಯಿ ಹೋಳಿಗೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಒಳಗೆ ಹೀಟರು. ಹುಳುಗಳು ಮೊದಲ ಹೂವಿಗೆ ಹೋಗುವಷ್ಟರಲ್ಲಿ ಸೋಫಾದ ಎರಡೂ ತುದಿಯಿಂದ ಗೊರಕೆ ಎದ್ದಿತು. ಸುವರ್ಣಮ್ಮ ಪೂರ್ತಿ ನೋಡಿದರು. ಹಿಮ ಬಿದ್ದಾಗ ಹುಳುಗಳೆಲ್ಲ ಒತ್ತಿಕೊಂಡು ನಿಂತು ನಡುವೆ ರಾಣಿಯನ್ನು ಬೆಚ್ಚಗಿಡುತ್ತವೆ, ಅಲ್ಲಿಗೆ ಮುಗಿಯುತ್ತದೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಇಬ್ಬರನ್ನೂ ತಿವಿದು ಎಬ್ಬಿಸಬೇಕು ಎನ್ನುವಷ್ಟರಲ್ಲಿ ಮಗಳು ನಿಹಾರಿಕಾಳ ಫೋನು ಬಂತು. ನಿಹಾರಿಕಾಳ ಫೋನೆಂದರೆ ಒಂದೂವರೆ ಗಂಟೆ. ಅಡುಗೆಮನೆಯಲ್ಲಿ ಮಾತು ಮುಗಿಸಿ ಬಂದರೆ ಟಿವಿಯಲ್ಲಿ ಪೊಲೀಸ್ ಗಾಡಿ ಊಳಿಡುತ್ತಿದೆ, ಗಂಡಸರಿಬ್ಬರೂ ನೆಟ್ಟಗೆ ಕೂತಿದ್ದಾರೆ!

ಗುರುಲಿಂಗಪ್ಪ: ಬರ್ರಿ ಅಕ್ಕಾರ, ಬೇಡಿ ಹಾಕಾಕತ್ತಾರ! ಮತ್ತ ನೀರು ಬಂತು ನೋಡ್ರಿ ಕಣ್ಣಾಗ.

ವೆಂಕಟರಾಮು: ಪೊಲೀಸ್ ಎಲ್ಲಿಂದ ಬಂದ ಅಂತಿದ್ದೆಯಲ್ಲ, ಈಗೇನಂತೀಯಾ?

ಸುವರ್ಣಮ್ಮ: ಸರಿ, ನಂದೇ ತಪ್ಪು. ಹುಳ ಎಲ್ಲಿಗೆ ಹೋದ್ವು?

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ವೆಂಕಟರಾಮು: ಹುಳ... ಸತ್ತೋದ್ವಲ್ಲ. ಬೆಂಕೀಲಿ.

ಗುರುಲಿಂಗಪ್ಪ: ಪಾಪ, ಆ ಮುದುಕಿ ಹಚ್ಚಿದ್ಲಲ್ಲ.

ಸುವರ್ಣಮ್ಮ: ಆ ಮುದುಕೀನ ಊಟಕ್ಕೆ ಮುಂಚೆ ನಾನೇ ಹುಟ್ಟಿಸಿದ್ದು.

ಟಿವಿ ಮೂರನೆಯ ಪಿಕ್ಚರ್ ಶುರು ಮಾಡಿತು.

ಗುರುಲಿಂಗಪ್ಪ: ಅಕ್ಕಾರ... ಈ ಮಾತು ಕೂಟದಾಗ...

ಸುವರ್ಣಮ್ಮ: ನಾನ್ಯಾಕೆ ಹೇಳಲಿ? ಜಡ್ಜ್ ಯಾರು ಅಂತ ಬರ್ಕೊಳ್ಳಿ.

ಗುರುಲಿಂಗಪ್ಪ: ನೀವ ರೀ ಅಕ್ಕಾರ, ನೀವ.

ವೆಂಕಟರಾಮು: ಮತ್ತೆ ನಾನು?

ಸುವರ್ಣಮ್ಮ: ನೀವೂ ಬನ್ನಿ, ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ. ಯಾವ ಪಿಕ್ಚರ್ ಮುಗಿಯೋವರೆಗೂ ನೀವು ಎಚ್ಚರ ಇರ್ತೀರೋ, ಅದಕ್ಕೇ ಮೊದಲ ಬಹುಮಾನ!