ಉಪ್ಪುನೀರಿನ ತೂಬು

ನೆಂಟರ ಮನೆಯಲ್ಲಿ ಕೈಕಟ್ಟಿ ಕೂರುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗೆ ಅದು ಬರುವುದಿಲ್ಲ. ಬಾಗಿಲು ಕಿರ್ ಅಂದರೆ ಎಣ್ಣೆ ಬಿಡಬೇಕು, ಗೂಟ ಅಲ್ಲಾಡಿದರೆ ಬಡಿದು ಕೂರಿಸಬೇಕು. ಹಾಗೆ ಬಡಿಯಲು ಹೋಗಿ ಮಾಲೂರಿನಲ್ಲಿ ಒಬ್ಬರ ಅರ್ಧ ಗೋಡೆ ಕೆಡವಿದ್ದೇನೆ. ನೀರಿನ ವಿಷಯವಂತೂ ಕೇಳಲೇಬೇಡಿ. ಯಲ್ದೂರಿನ ಕೆರೆಗೆ ನಾವು ನೀರುಗಂಟಿಗಳು. ತೂಬಿನ ಬಿರಡೆ ಎತ್ತಿ ಗದ್ದೆಗೆ ನೀರು ಬಿಡುವುದು, ಆಮೇಲೆ ಬಿರಡೆ ಇಳಿಸುವುದು ನನಗೆ ತಾತನಿಂದ ಬಂದ ಕೆಲಸ. ಇಳಿಸಿ ಮನೆಗೆ ಬಂದವನು, ಅದು ಸರಿಯಾಗಿ ಕೂತಿತೋ ಇಲ್ಲವೋ ಎಂದು ಉಂಡ ಕೈ ತೊಳೆಯದೆ ಮತ್ತೆ ಏರಿಗೆ ಓಡಿದ್ದು ಎಷ್ಟು ಸಲವೋ. "ಆ ತೂಬಿಗೇ ತಾಳಿ ಕಟ್ಟಬಹುದಾಗಿತ್ತು" ಎನ್ನುತ್ತಾಳೆ ನನ್ನ ಹೆಂಡತಿ ಪುಟ್ಟಮ್ಮ.

ಯುದ್ಧದ ಕಾಲ, ಸೀಮೆಎಣ್ಣೆಗೂ ಚೀಟಿ ಹಿಡಿದು ನಿಲ್ಲುತ್ತಿದ್ದ ದಿನಗಳು. ಪುಟ್ಟಮ್ಮನ ತಂಗಿ ನಂಜಿಯ ಗಂಡ ವೆಂಕಟಪ್ಪ, ಮುಳಬಾಗಿಲು ಕಡೆಯವನು, ಮದರಾಸಿನಿಂದ ಆಚೆಗೆ ಸಮುದ್ರದ ಹಿನ್ನೀರಿನ ದಂಡೆಯಲ್ಲಿ ಕಾವಲಿನ ಕೆಲಸ ಹಿಡಿದಿದ್ದ. ಮಾವಿನ ತೋಪಿನ ಕಾವಲಲ್ಲ, ಹಕ್ಕಿಗಳ ಕಾವಲು! ಆ ನೀರಿಗೆ ಇಳಿಯುವ ಹಕ್ಕಿಯನ್ನು ಯಾರೂ ಹೊಡೆಯಕೂಡದೆಂದು ಅಲ್ಲಿನ ಜಮೀನ್ದಾರರು ಕಟ್ಟುಮಾಡಿದ್ದರು. ಇರಲು ಒಂದು ಹೆಂಚಿನ ಮನೆಯನ್ನೂ ಕೊಟ್ಟಿದ್ದರು. ಹಕ್ಕಿ ಇದ್ದರೆ ಕೆಲಸ, ಕೆಲಸ ಇದ್ದರೆ ಮನೆ. ನಂಜಿಗೆ ಮೂರು ತಿಂಗಳ ಕೂಸು ಬೇರೆ. ಅದನ್ನು ನೋಡಲು ನಾವಿಬ್ಬರೂ ಟೇಕಲ್‌ನಲ್ಲಿ ರೈಲು ಹತ್ತಿದೆವು.

ಕತ್ತಲಾದ ಮೇಲೆ ಅವರ ಮನೆ ಮುಟ್ಟಿದೆವು. ಬೆಳಿಗ್ಗೆ ಎದ್ದು ನೋಡಿದರೆ, ನಮ್ಮ ಜಿಲ್ಲೆಯ ಕೆರೆಗಳನ್ನೆಲ್ಲ ಸೇರಿಸಿ ಹೊಲಿದಷ್ಟು ನೀರು. ಒಂದು ಕಡೆ ಸಾವಿರಾರು ರಾಜಹಂಸಗಳು, ದೂರಕ್ಕೆ ಸುಣ್ಣದ ಗೋಡೆಗೆ ಕುಂಕುಮ ಎರಚಿದ ಹಾಗೆ. ಇನ್ನೊಂದು ಕಡೆ ಗಂಟಲಿಗೆ ಚೀಲ ಕಟ್ಟಿಕೊಂಡ ಹೆಜ್ಜಾರ್ಲೆಗಳು. ವೆಂಕಟಪ್ಪ ಜಮೀನ್ದಾರರ ಕಚೇರಿಗೆ ಹೊರಟವನು ತಿರುಗಿ ನಿಂತು, "ಅಣ್ಣೋ, ನಿನ್ ಕೈ ನಂಗೊತ್ತು. ಏನೂ ಮುಟ್ಬೇಡ" ಎಂದ. ದಂಡೆಯಲ್ಲಿ ತಗಡಿನ ಮೇಲೆ ತೆಲುಗಿನಲ್ಲೂ ಬರೆದಿತ್ತು: ಹಕ್ಕಿ ಹೊಡೆಯಬಾರದು, ನೀರು ಕೆಡಿಸಬಾರದು.

ನಾನು ಹಕ್ಕಿ ಹೊಡೆಯಲಿಲ್ಲ. ದಂಡೆಯಿಂದ ಪೊದೆಯ ಹಿಂದಕ್ಕೆ ಹೋಗಿದ್ದ ಸಣ್ಣ ಕಾಲುವೆಗೆ ಒಂದು ಹಲಗೆ ಅಡ್ಡ ಇಳಿಸಿದ್ದರು. ಅದಕ್ಕೆ ಕಸ ಸಿಕ್ಕಿ ನೀರು ಜಿನುಗುತ್ತಿತ್ತು. ಜಿನುಗುವ ಬಿರಡೆ ನೋಡಿಕೊಂಡು ನೀರುಗಂಟಿ ಸುಮ್ಮನಿರುವುದುಂಟೇ? ಎತ್ತಿದೆ, ಕಸ ತೆಗೆದೆ. ನೀರು ಭರ್ರೆಂದು ಪೊದೆಯ ಹಿಂದೆ ಎಲ್ಲಿಗೋ ನುಗ್ಗಿತು. ಹಲಗೆ ಇಳಿಸಿ, ಒಳ್ಳೆಯ ಕೆಲಸ ಮಾಡಿದೆನೆಂದು ಎಲೆ ಅಡಿಕೆ ಹಾಕಿಕೊಂಡೆ.

ಉಗಿಯಲು ತಿರುಗಿದರೆ ನೀರು ಎರಡು ಮಾರು ಹಿಂದಕ್ಕೆ ಹೋಗಿತ್ತು. ಇನ್ನೊಂದು ಗಳಿಗೆಗೆ ಹತ್ತು ಮಾರು. ಹಲಗೆ ತುಳಿದೆ, ಮಣ್ಣು ಮೆತ್ತಿದೆ, ಅದರ ಮೇಲೆ ಕೂತೂ ನೋಡಿದೆ. ನೀರು ಹೋಗುತ್ತಲೇ ಇತ್ತು. ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳು ಸೀರೆ ಎತ್ತಿ ನಿಂತವರ ಕಾಲಿನಂತೆ ಬೆತ್ತಲಾದವು. ಗುಡ್ಡೆಗಣ್ಣಿನ ಮೀನುಗಳು ನೀರಿಲ್ಲದೆ ಕೆಸರಿನ ಮೇಲೆ ತೆವಳತೊಡಗಿದವು. ಅಯ್ಯೋ ಪಾಪವೇ ಎಂದು ಚೊಂಬಿಗೆ ನೀರು ತುಂಬಿ ಒಂದೊಂದನ್ನೇ ಹಿಡಿದು ಹಾಕಿದೆ. ಹಾಕಿದ್ದೆಲ್ಲ ಹಾರಿ ಮತ್ತೆ ಕೆಸರಿಗೆ! ಬಿಲದ ಬಾಯಲ್ಲಿ ಕೆಂಪು ಏಡಿಗಳು ನಿಂತು ಒಂದು ದೊಡ್ಡ ಕೈಯನ್ನು ನನ್ನ ಕಡೆಗೇ ಆಡಿಸುತ್ತಿದ್ದವು. ಇವನೇ, ಇವನೇ ಅನ್ನುವ ಹಾಗೆ.

ಪುಟ್ಟಮ್ಮ ಹುಡುಕಿಕೊಂಡು ಬಂದಳು. "ಏನೂಂದ್ರೆ, ನೀರೆಲ್ಲಿ?"

"ಹೋಯ್ತು ಕಣೇ. ನಾನೇ ಬಿಟ್ಟೆ."

"ಎಷ್ಟ್ ಹೊತ್ತು ಎತ್ತಿದ್ರಿ?"

"ಒಂದೆಲೆಗೆ ಸುಣ್ಣ ಹಚ್ಚೋಷ್ಟು."

"ಅಷ್ಟಕ್ಕೇ ಇಷ್ಟ್ ಹೋಯ್ತಾ?"

"ದೊಡ್ ಕೆರೆ ಕಣೇ, ರಭಸ ಜಾಸ್ತಿ."

ಆಕೆ ತಲೆಯ ಮೇಲೆ ಕೈ ಹೊತ್ತು ಕೆಸರಲ್ಲೇ ಕೂತಳು. "ಹಕ್ಕಿ ಹೋದ್ರೆ ಅವನ ಕೆಲಸ ಹೋಯ್ತು. ನಮ್ ನಂಜಿ ಆ ಹಸುಗೂಸು ಎತ್ಕೊಂಡು ಎಲ್ಲಿಗ್ರೀ ಹೋಗ್ಬೇಕು?" ಅಷ್ಟರಲ್ಲೇ ಹೆಜ್ಜಾರ್ಲೆಗಳು ಗುಂಪಾಗಿ ಎದ್ದು ಹಾರಿದವು. ರಾಜಹಂಸಗಳು ಹೆಜ್ಜೆ ಹೆಜ್ಜೆ ಸರಿದು ಚುಕ್ಕಿಗಳಾದವು.

ಬುಟ್ಟಿ ಹೊತ್ತು ಬಂದ ಬೆಸ್ತರ ಹೆಂಗಸೊಬ್ಬಳು ನಮ್ಮ ಮುಖ ನೋಡಿ ಮರುಗಿದಳು. "ವಸ್ತಾಯಿಲೇ ಅಯ್ಯಾ, ನೀಳ್ಳು ವಸ್ತಾಯಿ." ನೀರು ಬರುತ್ತದೆ ಬಿಡಯ್ಯಾ ಎಂದಳು. ತೆಲುಗು ನಮಗೇನು ಹೊಸದೇ? ಚೆನ್ನಾಗಿಯೇ ಅರ್ಥವಾಯಿತು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಆಕಾಶ ನೋಡಿದೆವು. ಒಂದು ತುಣುಕು ಮೋಡವಿಲ್ಲ. ನಮ್ಮ ಸೀಮೆಯಲ್ಲಿ ನೀರು ಬರುವುದೆಂದರೆ ಮೇಲಿನಿಂದ. ಅದಕ್ಕೆ ಬೇರೆ ದಾರಿಯೂ ಇದೆಯೆಂದು ನಮಗೆ ಯಾರು ಹೇಳಿದ್ದರು? ಹೇಗೆ ಬರುತ್ತದಮ್ಮಾ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಕಳ್ಳ ಯಾರೆಂದು ಗೊತ್ತಾಗುವುದಿಲ್ಲವೇ!

ಮಧ್ಯಾಹ್ನ ಕಳೆದು ವೆಂಕಟಪ್ಪ ಬಂದ. ದಂಡೆಯಲ್ಲೇ ನಿಂತಿದ್ದ ನಾನು ಅವನ ಎರಡೂ ಕೈ ಹಿಡಿದುಕೊಂಡೆ. "ವೆಂಕಟಪ್ಪ, ತೂಬು ಎತ್ತಿದ್ದು ನಾನು. ಜಮೀನ್ದಾರರ ಮುಂದೆ ನನ್ನ ನಿಲ್ಲಿಸ್ಬಿಡು. ನಿನ್ ಮನೆ ಮಾತ್ರ ಬಿಡಿಸ್ಬೇಡಿ ಅಂತ ನಾನೇ ಅವರ ಕಾಲು ಹಿಡಿತೀನಿ."

"ಯಾವ ತೂಬು?"

ತೋರಿಸಿದೆ. ಅವನು ಹಲಗೆ ನೋಡಿದ, ಮೆತ್ತಿದ ಮಣ್ಣು ನೋಡಿದ, ನನ್ನನ್ನು ನೋಡಿದ. "ಅಣ್ಣೋ, ಅದು ನಂಜಿ ಬಾತುಕೋಳಿ ಸಾಕಿರೋ ಗುಂಡಿದು! ಸಮುದ್ರ ದಿನಾ ಎರಡು ಸಲ ಹೋಗುತ್ತೆ, ಎರಡು ಸಲ ಬರುತ್ತೆ. ನಿನ್ ಕಾಲು ನೋಡ್ಕೊ."

ನೋಡಿದೆ. ನೀರು ಹರಡಿನವರೆಗೆ ಬಂದಿತ್ತು. ಗುಡ್ಡೆಗಣ್ಣಿನ ಮೀನೊಂದು ಬೇರು ಹತ್ತಿ ಕೂತು, ಸಾಕಾ, ಇನ್ನೂ ಹಿಡಿಯುತ್ತೀಯಾ ಎಂಬಂತೆ ನೋಡುತ್ತಿತ್ತು. ಮನೆಯೊಳಗೆ ನಂಜಿ ನಕ್ಕ ನಗೆಗೆ ಕೂಸು ಎದ್ದು ಅತ್ತಿತು. ಪುಟ್ಟಮ್ಮ ಮಾತ್ರ ನಗಲಿಲ್ಲ. ನನ್ನ ಮಾತನ್ನು ನಂಬಿದ್ದಕ್ಕೆ ಅವಳಿಗೆ ಅವಳ ಮೇಲೆಯೇ ಸಿಟ್ಟು.

ಊರಿಗೆ ಬಂದು ಅರಳಿಕಟ್ಟೆಯಲ್ಲಿ ಸಮುದ್ರದ ವಿಷಯ ಹೇಳಿದಾಗ ಒಬ್ಬರೂ ನಂಬಲಿಲ್ಲ. "ದಿನಾ ಎರಡ್ ಸಲ ಖಾಲಿ, ಎರಡ್ ಸಲ ಭರ್ತಿಯಾ?" ಎಂದು ಮುದುಕರೊಬ್ಬರು ಕಣ್ಣು ಕಿರಿದು ಮಾಡಿದರು. "ಅಷ್ಟ್ ನೀರಿಗೆ ನೀರುಗಂಟಿ ಯಾವನ್ಲಾ?"

"ಕಾಯಂ ಯಾರೂ ಇಲ್ಲ. ಒಂದಿನ ನಾನು ನೋಡ್ಕೊಂಡಿದ್ದೆ" ಎಂದು ಮೀಸೆ ತಿರುವಿಕೊಂಡು ಎದ್ದೆ. ನಾಲ್ಕು ಹೆಜ್ಜೆ ಇಟ್ಟವನು ಹಾಗೆಯೇ ನಿಂತುಬಿಟ್ಟೆ. ಮೆತ್ತಿದ ಮಣ್ಣನ್ನು ತೆಗೆಯುವಾಗ ನಾನು ಆ ಬಾತುಗುಂಡಿಯ ಹಲಗೆಯನ್ನು ಮತ್ತೆ ಎತ್ತಿದ್ದೆ. ಆಮೇಲೆ ಇಳಿಸಿದೆನೇ? ಇವತ್ತಿಗೂ ನೆನಪಾಗುತ್ತಿಲ್ಲ.