ಜನಗಣತಿಯ ಮೇಜಿಗೆ ಬಂದವರು

ಅಟ್ಲಾಂಟಾ ಹತ್ತಿರದ ಒಂದು ಯೂನಿವರ್ಸಿಟಿ ಲೈಬ್ರರಿಯಲ್ಲಿ ನನ್ನ ಕೆಲಸ. ಪುಸ್ತಕ ಕೊಡುವ ಕೆಲಸವಲ್ಲ. ಅಮೆರಿಕದ ಜನಗಣತಿಯ ಮಾಹಿತಿ ಎಲ್ಲಿ ಸಿಗುತ್ತೆ, ಅದನ್ನು ಹೇಗೆ ಹುಡುಕಿ ತೆಗೆಯಬೇಕು ಅಂತ ಬಂದವರಿಗೆ ತೋರಿಸಿಕೊಡೋದು. ಕೇಳಿದರೇ ಆಕಳಿಕೆ ಬರುತ್ತೆ ಅಂತಾಳೆ ನನ್ನ ಮಗಳು. ಆದರೆ ಮನುಷ್ಯರನ್ನು ಎಣಿಸೋಕೆ ಕೂತ ಕಡೆ ನಗು ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತೆ, ನಾನು ಕರೆಯೋದೇ ಬೇಡ.

ಪ್ಲಸ್ ಆರ್ ಮೈನಸ್

ಅಲ್ಫರೆಟಾದಿಂದ ಒಬ್ಬರು ಅಂಕಲ್ ಬಂದರು. ರಿಟೈರ್ ಆಗಿ ಹೆಂಡತಿ ಜೊತೆ ಮಗನ ಮನೆ ಹತ್ತಿರವೇ ಇರುವವರು. ತಮ್ಮ ಏರಿಯಾದ ಪಬ್ಲಿಕ್ ಲೈಬ್ರರಿಯಲ್ಲಿ ಒಂದು ಶೆಲ್ಫ್ ಕನ್ನಡ ಪುಸ್ತಕ ಇಡಿಸಬೇಕು ಅಂತ ಅವರ ಆಸೆ. ಲೈಬ್ರರಿಯವರು, "ಇಲ್ಲಿ ಕನ್ನಡ ಮಾತಾಡೋರು ಎಷ್ಟು ಜನ ಇದ್ದಾರೆ, ನಂಬರ್ ತನ್ನಿ" ಅಂದಿದ್ದರಂತೆ.

ಹುಡುಕಿ ತೋರಿಸಿದೆ. ಭಾಷೆಯ ಲೆಕ್ಕವನ್ನು ಮನೆಮನೆಗೂ ಹೋಗಿ ತೆಗೆಯೋದಿಲ್ಲ, ಕೆಲವೇ ಮನೆಗಳನ್ನು ಕೇಳಿ ಉಳಿದದ್ದನ್ನು ಅಂದಾಜು ಮಾಡ್ತಾರೆ. ಹಾಗಾಗಿ ಪ್ರತಿ ಸಂಖ್ಯೆಯ ಪಕ್ಕ ಒಂದು ಪ್ಲಸ್ ಆರ್ ಮೈನಸ್ ಇರುತ್ತೆ.

"ಅಂದ್ರೆ ಏನಮ್ಮ?"

"ಇದಕ್ಕಿಂತ ಇಷ್ಟು ಹೆಚ್ಚೂ ಇರಬಹುದು ಅಂಕಲ್, ಇಷ್ಟು ಕಡಿಮೆನೂ ಇರಬಹುದು."

ಅಂಕಲ್ ಮನಸ್ಸಿನಲ್ಲೇ ಕಳೆದು ನೋಡಿದರು. "ಸೊನ್ನೆಗಿಂತ ಕೆಳಗೆ ಹೋಗುತ್ತಲ್ಲ!"

"ಹೌದು ಅಂಕಲ್. ನಿಮ್ಮ ಏರಿಯಾ ಚಿಕ್ಕದು. ಲೆಕ್ಕದ ಪ್ರಕಾರ ಅಲ್ಲಿ ಕನ್ನಡದೋರು ಒಬ್ಬರೂ ಇಲ್ಲದೇನೂ ಇರಬಹುದು."

ಆಮೇಲೆ ಅಟ್ಲಾಂಟಾ ಸುತ್ತಮುತ್ತಲಿನದೆಲ್ಲ ಸೇರಿಸಿ ದೊಡ್ಡ ಲೆಕ್ಕ ತೆಗೆದುಕೊಟ್ಟೆ, ಶೆಲ್ಫೂ ಸಿಕ್ಕಿತು. ಆದರೆ ಆ ಹೊತ್ತು ಅವರು ನನ್ನೆದುರಿಗೇ ಹೆಂಡತಿಗೆ ಮಾಡಿದ ಫೋನನ್ನು ಮಾತ್ರ ನಾನು ಮರೆಯೋಲ್ಲ.

"ನೋಡೇ, ಸರ್ಕಾರದ ಲೆಕ್ಕದಲ್ಲಿ ನಾವು ಇಲ್ಲಿ ಇಲ್ಲದೇನೂ ಇರಬಹುದಂತೆ. ಯಾವುದಕ್ಕೂ ಇರಲಿ, ಇಬ್ಬರಿಗೆ ಅನ್ನಕ್ಕಿಡು."

ಡಾಕ್ಟರ ಟ್ರ್ಯಾಕ್ಟು

ನಾರ್ತ್ ಕೆರೊಲಿನಾದ ಬ್ಯಾಲಂಟೈನ್‌ನಲ್ಲಿರೋ ಮಕ್ಕಳ ಡಾಕ್ಟರೊಬ್ಬರು ನಮ್ಮ ಯೂನಿವರ್ಸಿಟಿಯಲ್ಲಿ ಆನ್‌ಲೈನ್ ಕೋರ್ಸ್ ಮಾಡ್ತಿದ್ದರು. ವಿಜಯಪುರದ ಕಡೆಯವರು. ಉಬ್ಬಸದ ಮಕ್ಕಳು ಕೆಲವು ಬೀದಿಗಳಿಂದಲೇ ಯಾಕೆ ಜಾಸ್ತಿ ಬರ್ತಾರೆ ಅನ್ನೋದು ಅವರ ಚಿಂತೆ. ನಾನು ಕನ್ನಡದವಳು ಅಂತ ಗೊತ್ತಾದ ಮೇಲೆ ವಿಡಿಯೋ ಕಾಲ್‌ನಲ್ಲಿ ಇಂಗ್ಲಿಷನ್ನು ಪಕ್ಕಕ್ಕಿಟ್ಟರು.

"ಸರ್, ನಿಮಗೆ ಟ್ರ್ಯಾಕ್ಟ್ ಲೆವೆಲ್ ಡೇಟಾ ಬೇಕಾ?" ಅಂದೆ.

"ನಮ್ಮ ಡಾಕ್ಟರ್ ಮಂದಿಗೆ ಟ್ರ್ಯಾಕ್ಟ್ ಅಂದ್ರ ಮೈಯಾಗಿನ ನಾಳ, ಒಂದು ಉಸಿರಾಟದ್ದು, ಇನ್ನೊಂದು ಹೊಟ್ಟೀದು ಇರ್ತಾವ್ರಿ. ನಿಮ್ಮದು ಯಾವ್ದರೀ?"

"ಅಯ್ಯೋ, ಅದಲ್ಲ ಸರ್. ಊರನ್ನ ಸಣ್ಣ ಸಣ್ಣ ಭಾಗ ಮಾಡಿರ್ತಾರೆ, ಒಂದೊಂದು ಭಾಗಕ್ಕೂ ಟ್ರ್ಯಾಕ್ಟ್ ಅಂತಾರೆ."

"ಹಂಗೇನ್ರಿ! ಅದಕ್ಕಿಂತ ಸಣ್ಣದು ಸಿಗಂಗಿಲ್ಲೇನ್ರಿ?"

"ಸಿಗುತ್ತೆ ಸರ್. ಟ್ರ್ಯಾಕ್ಟ್ ಒಳಗೆ ಬ್ಲಾಕ್ ಇರುತ್ತೆ."

ಡಾಕ್ಟರು ಕನ್ನಡಕ ತೆಗೆದು ಕ್ಯಾಮೆರಾ ಹತ್ತಿರ ಬಂದರು. "ಏನ್ರೀ ಮೇಡಂ, ಟ್ರ್ಯಾಕ್ಟ್‌ನ್ಯಾಗ ಬ್ಲಾಕ್ ಐತಿ ಅಂತ ಇಷ್ಟು ಆರಾಮಾಗಿ ಹೇಳಾಕತ್ತೀರಿ? ನಮ್ಮಲ್ಲಾದ್ರ ಅದಕ್ಕ ಆಪರೇಷನ್ನೇ ಮಾಡ್ತೀವ್ರಿ!"

ಅಮ್ಮಿಯ ಎಣಿಕೆ

2020ರಲ್ಲಿ ವಿಮಾನಗಳೆಲ್ಲ ನಿಂತಾಗ, ನಮ್ಮನ್ನು ನೋಡಲು ಬಂದಿದ್ದ ನನ್ನ ತಾಯಿ, ಅಮ್ಮಿ, ಲಾರೆನ್ಸ್‌ವಿಲ್‌ನ ನಮ್ಮ ಮನೆಯಲ್ಲೇ ಉಳಿಯಬೇಕಾಯಿತು. ಮೈಸೂರಿನಲ್ಲಿ ಸ್ಕೂಲ್ ಟೀಚರ್ ಆಗಿದ್ದವರು. ಅಲ್ಲಿ ಜನಗಣತಿಗೆ ಟೀಚರುಗಳನ್ನೇ ಕಳಿಸ್ತಾರಲ್ಲ, ಅಮ್ಮಿಯೂ ಬಿಸಿಲಲ್ಲಿ ಛತ್ರಿ ಹಿಡಿದು ಮೊಹಲ್ಲಾ ಎಲ್ಲ ಎಣಿಸಿ ಬಂದವರೇ. ಇಲ್ಲಿ ಮಾತಾಡೋಕೆ ಜನವಿಲ್ಲದೆ ಕಿಟಕಿ ಪಕ್ಕ ಕೂತು ಕೂತು ಬಾಡಿಹೋಗಿದ್ದರು.

ಒಂದು ದಿನ ಮಾಸ್ಕ್ ಹಾಕಿದ ಜನಗಣತಿಯವನೊಬ್ಬ ಬಂದು ಬಾಗಿಲಿನಿಂದ ಆರಡಿ ದೂರದಲ್ಲಿ ನಿಂತ. "ನಿಮ್ಮ ಎದುರುಮನೆಯವರು ಸಿಗ್ತಾನೇ ಇಲ್ಲ. ಅಲ್ಲಿ ಎಷ್ಟು ಜನ ಇದ್ದಾರೆ, ನಿಮಗೆ ಗೊತ್ತಾ?"

ವರ್ಷಗಟ್ಟಲೆ ಅವರಿಗೆ ಕೈ ಬೀಸಿದ್ದು ಬಿಟ್ಟರೆ ನನಗೇನು ಗೊತ್ತು? ಅಷ್ಟರಲ್ಲಿ ಹಿಂದಿನಿಂದ ಅಮ್ಮಿ ತಮ್ಮ ಸ್ಕೂಲ್ ಇಂಗ್ಲಿಷಿನಲ್ಲಿ ಶುರುಮಾಡಿದರು. "ಐದು ಜನ. ಗಂಡ, ಹೆಂಡತಿ, ಎರಡು ಹೆಣ್ಣುಮಕ್ಕಳು, ಗಂಡನ ತಾಯಿ. ಆಕೆಗೆ ಮಂಡಿ ನೋವು. ಮೆಟ್ಟಿಲು ಇಳಿಯುವಾಗ ಬಲಗಾಲು ಮೊದಲು ಇಡ್ತಾರೆ."

"ಮಂಡಿಗೆ ಇಲ್ಲಿ ಕಾಲಂ ಇಲ್ಲ ಮೇಡಂ" ಅಂದ ಅವನು.

"ನಮ್ಮಲ್ಲೂ ಇರಲಿಲ್ಲ" ಅಂದರು ಅಮ್ಮಿ. ಆಮೇಲೆ ಸ್ವಲ್ಪ ಸಂಕೋಚದಿಂದ, "ನನ್ನನ್ನೂ ಬರ್ಕೋಪ್ಪ" ಅಂದರು.

ಬರೀ ನೋಡಿಕೊಂಡು ಹೋಗಲು ಬಂದವರನ್ನು ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ ಅಂತ ಅವನು ಬಹಳ ಮರ್ಯಾದೆಯಿಂದಲೇ ಹೇಳಿದ. ಅಮ್ಮಿಯ ಮುಖ ಸಣ್ಣದಾಯಿತು. ಒಳಗೆ ಹೋದರು. ಬೇಜಾರಾಗಿ ಮಲಗ್ತಾರೇನೋ ಅಂದುಕೊಂಡೆ, ಒಂದು ಕುರ್ಚಿ ಎಳೆದುಕೊಂಡು ಬಂದರು. "ಕೂತ್ಕೋಪ್ಪ. ಅಲೆದೂ ಅಲೆದೂ ಕಾಲು ಹೇಗೆ ನೋಯುತ್ತೆ ಅಂತ ನನಗೆ ಗೊತ್ತು."

ನನಗೆ ಆಫೀಸಿನ ಮೀಟಿಂಗ್ ಇತ್ತು, ಒಳಗೆ ಹೋದೆ. ಮುಗಿಸಿ ಬಂದಾಗ ಅವನು ಹೊರಟಿದ್ದ, ಹೋಗ್ತಾ ಅಮ್ಮಿಗೆ ಕೈ ಬೀಸಿದ. ಅಮ್ಮಿಯ ಮುಖದಲ್ಲಿ ಎಷ್ಟೋ ವಾರದಿಂದ ಕಾಣದ ಕಳೆ.

"ಅವನಿಗೆ ಮೂರು ಮಕ್ಕಳು. ಹೆಂಡತಿ ನರ್ಸು, ಪಾಪ. ಬಾಡಿಗೆ ಮನೆ. ಹುಟ್ಟೂರು ನಾರ್ತ್ ಕೆರೊಲಿನಾ. ಅವನು ನನ್ನನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ. ಹೋಗ್ಲಿ ಬಿಡು ಬೇಟಾ, ನಾನು ಅವನನ್ನ ತಗೊಂಡೆ."

ಹೆನ್ರಿ

ಇಲ್ಲಿ ಜನಗಣತಿಯಲ್ಲಿ ಬರೆದುಕೊಂಡ ಹೆಸರುಗಳನ್ನು ಎಪ್ಪತ್ತೆರಡು ವರ್ಷ ಯಾರಿಗೂ ತೋರಿಸೋದಿಲ್ಲ. ಆಮೇಲೆ ಎಲ್ಲರಿಗೂ ತೆರೆದಿಡ್ತಾರೆ. ಹಾಗೆ 1950ರ ಹೆಸರುಗಳು 2022ರಲ್ಲಿ ಹೊರಗೆ ಬಂದವು.

ಆಗ ಒಬ್ಬ ಅಜ್ಜಿ ತಮ್ಮನನ್ನು ಕರೆದುಕೊಂಡು ಲೈಬ್ರರಿಗೆ ಬಂದಳು. ತಮ್ಮನಿಗೂ ತಲೆಯೆಲ್ಲ ಬೆಳ್ಳಗಾಗಿತ್ತು. ಸೌತ್ ಕೆರೊಲಿನಾದ ಬಟ್ಟೆ ಗಿರಣಿಯ ಊರಿನಲ್ಲಿ ಹುಟ್ಟಿದವರು. ತಮ್ಮ ಇನ್ನೂ ಕೂಸಾಗಿದ್ದಾಗ ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ಅಪ್ಪನದೊಂದು ಫೋಟೋ ಕೂಡ ಇಲ್ಲ. "ಅವನ ಹೆಸರು ಎಲ್ಲಾದರೂ ಬರೆದಿದ್ದರೆ ಒಮ್ಮೆ ನೋಡಬೇಕು" ಅಂದಳು ಅಜ್ಜಿ.

ಹೆಸರು ಹಾಕಿ ಹುಡುಕಿದರೆ ಸಿಗಲಿಲ್ಲ. ಹಳೆಯ ಕೈಬರಹವನ್ನು ಕಂಪ್ಯೂಟರ್ ತಪ್ಪಾಗಿ ಓದಿರುತ್ತೆ. ಕೊನೆಗೆ ಅವರ ಬೀದಿಯ ಹಾಳೆಗಳನ್ನೇ ತೆಗೆದು ಸಾಲು ಸಾಲಾಗಿ ನೋಡುತ್ತಾ ಹೋದೆವು. ಅಜ್ಜಿ ಆ ಬೀದಿಯಲ್ಲಿ ನಡೆದುಕೊಂಡು ಹೋಗ್ತಿರೋ ಹಾಗೆ ಹೇಳ್ತಾ ಬಂದಳು. "ಇವರ ಮನೇಲಿ ಪಿಯಾನೋ ಇತ್ತು. ಇವಳು ನಮಗೆ ಪೀಚ್ ಹಣ್ಣು ಕೊಡೋಳು. ಮುಂದಿನದು ನಮ್ಮದೇ!"

ನಿಜವಾಗಿಯೂ ಮುಂದಿನದು ಅವರದೇ. ಅಪ್ಪನ ಹೆಸರು, ಗಿರಣಿಯಲ್ಲಿ ನೇಯ್ಗೆ ಕೆಲಸ. ಅಜ್ಜಿ ಪರದೆಯ ಮೇಲೆ ಆ ಹೆಸರಿಗೆ ಬೆರಳಿಟ್ಟಳು. ತಮ್ಮ ಅವಳ ಹೆಗಲ ಮೇಲೆ ಕೈಯಿಟ್ಟ. ಅಪ್ಪ, ಅಮ್ಮ, ಮಗಳು... ಅವನು ಬೆರಳಿಟ್ಟು ಓದುತ್ತಾ ಹೋದವನು ಗಕ್ಕನೆ ನಿಂತ.

"ಅಕ್ಕಾ, ಈ ಹೆನ್ರಿ ಯಾರು? ಮಗ, ಮೂರು ವರ್ಷ ಅಂತ ಬರೆದಿದೆ. ನನಗೊಬ್ಬ ಅಣ್ಣ ಇದ್ದನಾ? ಸತ್ತುಹೋದನಾ? ಅಮ್ಮ ಯಾಕೆ ನನಗೆ ಹೇಳಲೇ ಇಲ್ಲ?"

ಅಜ್ಜಿ ಮುಖ ಮುಚ್ಚಿಕೊಂಡಳು. ಹೆಗಲು ಅದುರತೊಡಗಿತು. ನಾನು ಟಿಶ್ಯೂ ಡಬ್ಬಿ ಅವಳ ಮುಂದೆ ತಳ್ಳಿದೆ. ಆಮೇಲೆ ನೋಡಿದರೆ ಅಜ್ಜಿ ಅಳ್ತಿರಲಿಲ್ಲ, ಉಸಿರು ಸಿಗದಷ್ಟು ನಗ್ತಿದ್ದಳು.

"ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸ್ತಿದ್ದಳು. ಟೋಪಿ ಹಾಕಿಕೊಂಡು ಒಬ್ಬ ಬಂದು, ಮನೇಲಿ ಯಾರ್ಯಾರು ಇದ್ದೀರಿ ಅಂತ ಕೇಳಿದ. ಎಲ್ಲರ ಹೆಸರು, ವಯಸ್ಸು ನಾನೇ ಹೇಳಿದೆ. ಅಷ್ಟೂ ಬರೆದುಕೊಂಡ. ಹೆನ್ರಿ ನಮ್ಮ ನಾಯಿ ಕಣೋ!"

ತಮ್ಮ ಮತ್ತೆ ಪರದೆ ಕಡೆ ಬಗ್ಗಿದ. "ನಾಯಿಯ ಹೆಸರು ನನಗಿಂತ ಮೇಲಿದೆಯಲ್ಲ!"

"ಅವನು ನಿನಗಿಂತ ದೊಡ್ಡವನಲ್ಲವೇನೋ" ಅಂತ ಅಜ್ಜಿ ಕಣ್ಣೊರೆಸಿಕೊಂಡಳು.

ಇಬ್ಬರೂ ಆ ಹಾಳೆಯ ಪ್ರಿಂಟ್ ಹಿಡಿದು ನಗುತ್ತಲೇ ಹೊರಟರು. ನಾನು ಇನ್ನೊಮ್ಮೆ ಆ ಸಾಲನ್ನು ನೋಡಿದೆ. ಒಂದು ನಾಯಿಯ ಖಾಸಗಿ ಮಾಹಿತಿಯನ್ನು ಅಮೆರಿಕ ಸರ್ಕಾರ ಎಪ್ಪತ್ತೆರಡು ವರ್ಷ ಗುಟ್ಟಾಗಿ ಕಾಪಾಡಿಕೊಂಡು ಬಂದಿತ್ತು.