ಬೇಸ್‌ಮೆಂಟಿನ ಈಶ್ವರ

ನನಗೊಂದು ಚಟವಿದೆ. ಯಾರನ್ನೇ ಕಂಡರೂ ಎರಡನೆಯ ಮಾತಿಗೆ "ಯಾವೂರಾಯ್ತು? ಯಾರ ಪೈಕಿ?" ಎಂದು ಕೇಳದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ. ಮೈಸೂರಿನಲ್ಲಿ ಇದನ್ನು ಯಾರೂ ರೋಗವೆಂದು ಎಣಿಸುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ಸೋದರಮಾವ ನಮ್ಮ ಚಿಕ್ಕಪ್ಪನಿಗೆ ಷಡ್ಡಕನೆಂದು ಪತ್ತೆಯಾಗುವ ತನಕ ಆ ಪ್ರಯಾಣ ಪ್ರಯಾಣವೇ ಅಲ್ಲ. ನ್ಯೂಜೆರ್ಸಿಗೆ ಬಂದ ಮೇಲೆ ಕಷ್ಟಕ್ಕಿಟ್ಟುಕೊಂಡಿತು. ಮ್ಯಾನ್‌ಹಟನ್ನಿಗೆ ಹೋಗುವ ಟ್ರೇನಿನಲ್ಲಿ ಒಮ್ಮೆ ಪಕ್ಕದವನನ್ನು ನಿನ್ನ ಮುತ್ತಜ್ಜನ ಊರು ಯಾವುದೆಂದು ಕೇಳಿಬಿಟ್ಟೆ. ಅವನು ಬ್ಯಾಗು ಎತ್ತಿಕೊಂಡು ಬೇರೆ ಡಬ್ಬಿಗೆ ಹೋದ. ಅಂದಿನಿಂದ ಸತ್ತವರನ್ನು ಮಾತ್ರ ವಿಚಾರಿಸುವುದೆಂದು ನಿಶ್ಚಯಿಸಿದೆ. ಅವರಾದರೆ ಎದ್ದು ಹೋಗುವುದಿಲ್ಲ.

ಸತ್ತವರು ಸಿಕ್ಕಿದ್ದು ನಮ್ಮ ಮನೆಯಲ್ಲೇ. ಸ್ನೇಹಿತರೆಲ್ಲ ಮನ್ರೋದಲ್ಲಿ ಬಣ್ಣದ ವಾಸನೆಯೂ ಹೋಗದ ಹೊಸ ಮನೆಗಳನ್ನು ಕೊಂಡಾಗ, ನಾನು ಡೆಲವೇರ್ ನದಿಯ ದಂಡೆಯ ಪುಟ್ಟ ಊರಿನಲ್ಲಿ, ಮೆಟ್ಟಿಲು ಹತ್ತಿದರೆ ನರಳುವ ಹಳೇ ಮನೆಯೊಂದನ್ನು ಕೊಂಡೆ. "ಒಂದು ಕಟ್ಟು ಕರಿಬೇವು ಬೇಕಂದ್ರೂ ಐಸೆಲಿನ್‌ವರೆಗೂ ಡ್ರೈವ್ ಮಾಡ್ಬೇಕಲ್ರೀ" ಎಂದು ನನ್ನ ಹೆಂಡತಿ ಸುಮಾ ಇವತ್ತಿಗೂ ಚುಚ್ಚುತ್ತಾಳೆ. ಆ ಮನೆಯ ಬೇಸ್‌ಮೆಂಟಿನ ತೊಲೆಯ ಮೇಲೆ ಉಳಿಯಿಂದ ಕೊರೆದ ಹೆಸರೊಂದಿತ್ತು: ಯೋಹಾನ್ ಫೋಗೆಲ್. ಅದರ ಕೆಳಗೆ, ಮೂಲೆಯಲ್ಲಿ, ಮೊಣಕಾಲೆತ್ತರದ ಒಂದು ಜಾಡಿ. ಜಾಡಿಯೊಳಗೆ ಕರ್ರಗೆ, ದುಂಡಗೆ, ಬೆಣ್ಣೆ ಸವರಿದಷ್ಟು ನುಣ್ಣಗಿದ್ದ ಒಂದು ಕಲ್ಲು.

ನಮ್ಮ ಜೊತೆಯಲ್ಲೇ ಇರುವ ಅಮ್ಮ ಎರಡನ್ನೂ ವಶಪಡಿಸಿಕೊಂಡಳು. ಜಾಡಿಗೆ ನಿಂಬೆಹಣ್ಣಿನ ಉಪ್ಪಿನಕಾಯಿ ಬಿತ್ತು. ಕಲ್ಲನ್ನು ಮಾತ್ರ ತೊಳೆದು, ಅತ್ತ ಇತ್ತ ತಿರುಗಿಸಿ ನೋಡಿ, "ಈಶ್ವರ ಕಣೋ! ನಾವು ಬರ್ತೀವಿ ಅಂತ ಪಾಪ ಕತ್ತಲೇಲಿ ಕಾದು ಕೂತಿದಾನೆ" ಎಂದು ದೇವರ ಗೂಡಿಗೆ ಸೇರಿಸಿದಳು. ಎರಡು ವರ್ಷ ಪ್ರತಿ ಸೋಮವಾರ ಹಾಲಿನ ಅಭಿಷೇಕ, ವಿಭೂತಿ, ಹಿತ್ತಲಿನ ಗುಲಾಬಿ, ಅಮ್ಮನ ಒಪ್ಪೊತ್ತು. ನನ್ನ ಮಂಡಿನೋವು ಕಡಿಮೆಯಾದದ್ದೂ ಅವನಿಂದಲೇ ಎಂದು ಅವಳ ಖಚಿತ ಅಭಿಪ್ರಾಯ. ಆರು ವಾರ ಫಿಸಿಯೋಥೆರಪಿಗೆ ಅಲೆದ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಅಮ್ಮನಿಗೆ ಮೊದಲಿನಿಂದಲೂ ಕಲ್ಲಿನ ಮೇಲೆ ಮಮತೆ. ಅವಳನ್ನು ಇಲ್ಲಿಗೆ ಕರೆತರುವಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸಿನ ತೂಕ ಮೀರಿತು. ತೆಗೆದು ನೋಡಿದರೆ ಸೀರೆಗಳ ನಡುವೆ ಮಸಾಲೆ ಅರೆಯುವ ಗುಂಡುಕಲ್ಲು! ನನ್ನ ನಾಮಕರಣದ ದಿನ ಶಾಸ್ತ್ರಕ್ಕೆಂದು ನನಗಿಂತ ಮುಂಚೆ ತೊಟ್ಟಿಲಲ್ಲಿ ಮಲಗಿಸಿದ ಕಲ್ಲಂತೆ ಅದು. "ನಿನ್ನ ಅಣ್ಣ ಕಣೋ ಅವನು" ಎಂದಳು. ಹಿಂದೆ ಸಾಲು ಬೆಳೆಯುತ್ತಿತ್ತು. "ಅಮೆರಿಕಾದಲ್ಲಿ ಕಲ್ಲು ಸಿಗಲ್ವೇನಮ್ಮಾ?" ಎಂದು ರೇಗಿ, ಅಣ್ಣನನ್ನು ಒಂದು ಕಂಬದ ಪಕ್ಕ ಕೂರಿಸಿ ವಿಮಾನ ಹತ್ತಿದೆ. ಈ ಪ್ರಸಂಗವನ್ನು ಪಾರ್ಟಿಗಳಲ್ಲಿ ಹೇಳಿ ಬಹಳ ಜನರನ್ನು ನಗಿಸಿದ್ದೇನೆ. ಅಷ್ಟು ಹೊತ್ತಿಗೆ ಅಮ್ಮನಿಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಇರಲಿ, ಫೋಗೆಲ್ಲರ ವಿಷಯಕ್ಕೆ ಬರುತ್ತೇನೆ. ಶನಿವಾರಗಳಂದು ಜನ ಮಕ್ಕಳನ್ನು ಭರತನಾಟ್ಯದ ಕ್ಲಾಸಿಗೆ ಬಿಡಲು ಹೋದರೆ ನಾನು ಊರಿನ ಲೈಬ್ರರಿಗೆ ಹೋಗಿ ಹಳೆಯ ಜನಗಣತಿಯ ಹಾಳೆಗಳ ಮುಂದೆ ಕೂರತೊಡಗಿದೆ. ಯೋಹಾನ್ ಜರ್ಮನಿಯ ಯಾವುದೋ ಹೊಳೆದಂಡೆಯ ಹಳ್ಳಿಯವನು, ಪೀಪಾಯಿ ಮಾಡುವ ಕಸುಬು. ಹೆಂಡತಿ ಮಾರ್ಗರೇತಾ. ಎಂಟು ಮಕ್ಕಳು. ಗುಡ್ಡದ ಮೇಲಿನ ಚರ್ಚಿನ ಹಿಂದೆ ಮೂರು ಪುಟ್ಟ ಗೋರಿಗಳು ಸಾಲಾಗಿ ಸಿಕ್ಕವು. ಚರ್ಚಿನ ಹಳೆಯ ಪುಸ್ತಕವನ್ನು ಯಾರೋ ಪುಣ್ಯಾತ್ಮರು ಇಂಗ್ಲಿಷಿಗೆ ಮಾಡಿಟ್ಟಿದ್ದರು: ಗಂಟಲುಬೇನೆ ಬಂದು ಮೂರು ಮಕ್ಕಳು ಒಂದೇ ವಾರದಲ್ಲಿ ಹೋಗಿದ್ದವು. ಪುಟ ತಿರುಗಿಸಿದೆ. ಅದೇ ತಿಂಗಳ ಕೊನೆಯಲ್ಲಿ ಹೊಸದಾಗಿ ಹಡಗಿಳಿದು ಬಂದವರ ಊಟಕ್ಕೆ ಮಾರ್ಗರೇತಾ ಫೋಗೆಲ್ ಉಪ್ಪುನೀರಿನಲ್ಲಿ ಹುಳಿಬರಿಸಿದ ಎಲೆಕೋಸು ಒಂದು ಜಾಡಿ ಕೊಟ್ಟಳೆಂದು ಬರೆದಿತ್ತು.

ನಾನು ಪುಸ್ತಕ ಮುಚ್ಚಿದೆ. ಎಂಥ ಹೆಂಗಸಪ್ಪಾ ಇವಳು! ನಮ್ಮ ಮನೆಯಲ್ಲಿ ಅರ್ಧ ದಿನ ಇಂಟರ್ನೆಟ್ ಹೋದರೆ ಒಬ್ಬರಿಗೂ ಒಂದು ಲೋಟ ಕಾಫಿ ಹುಟ್ಟುವುದಿಲ್ಲ. ಆ ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಎದ್ದು ಜಾಡಿಯ ಹತ್ತಿರ ಹೋಗಿ ಅದರ ಮುಚ್ಚಳ ಸರಿಮಾಡಿ ಬಂದಳು.

ಮದುವೆಯ ದಾಖಲೆಗಳ ಬಾಲ ಹಿಡಿದು ಹೊರಟವನಿಗೆ ಕೊನೆಗೆ ಬದುಕಿರುವ ಫೋಗೆಲ್ ಒಬ್ಬರು ಸಿಕ್ಕರು. ಸೇತುವೆಯಾಚೆ ಪೆನ್ಸಿಲ್ವೇನಿಯಾದಲ್ಲಿರುವ, ಮಾರ್ಗರೇತಾಳ ಮರಿಮೊಮ್ಮಗಳು ಡೊರೊತಿ. ಎಂಬತ್ತೆಂಟು ವರ್ಷ. ಕಾಗದ ಬರೆದೆ. ಮುಂದಿನ ಶನಿವಾರ ತಾವೇ ಕಾರು ಓಡಿಸಿಕೊಂಡು ಬಂದರು. ಬೇಸ್‌ಮೆಂಟಿಗೆ ಇಳಿದು, ತೊಲೆಯ ಮೇಲಿನ ಹೆಸರನ್ನು ಬೆರಳಿನಿಂದ ಒಂದೊಂದೇ ಅಕ್ಷರವಾಗಿ ಸವರಿದರು.

ಮೇಲೆ ಬಂದು ಕಾಫಿಗೆ ಕೂತವರು ಜಾಡಿ ಕಂಡದ್ದೇ ಎದ್ದುಬಿಟ್ಟರು. "ಅಯ್ಯೋ, ಇದು ನಮ್ಮ ಕೋಸಿನ ಜಾಡಿ! ನಾನು ಹತ್ತು ವರ್ಷದವಳಿದ್ದಾಗ ಈ ಮನೆ ಮಾರಿದೆವು, ಅಪ್ಪ ಮರೆತು ಬಿಟ್ಟುಬಂದ. ಇದರೊಳಗಿದ್ದ ಕಲ್ಲೆಲ್ಲಿ?"

"ಯಾವ ಕಲ್ಲು?" ಎಂದೆ. ಸುಮಾ ನನ್ನ ಮುಖ ನೋಡಿದಳು.

"ಕೋಸು ಉಪ್ಪುನೀರಿನಿಂದ ಮೇಲೇಳದ ಹಾಗೆ ಹೇರುವ ಕಲ್ಲು. ಮಾರ್ಗರೇತಾ ಅದನ್ನು ತನ್ನ ತಾಯಿಮನೆಯ ಹೊಳೆಯಿಂದ ತಂದದ್ದು. ಹಡಗು ಹತ್ತುವಾಗ ಪೆಟ್ಟಿಗೆ ಭಾರವೆಂದು ಯೋಹಾನ್ ಕೂಗಾಡಿದನಂತೆ, 'ಅಮೆರಿಕಾದಲ್ಲಿ ಕಲ್ಲು ಸಿಗುವುದಿಲ್ಲವೇ?' ಅಂತ. ಕೂಗಾಡಿ ಮುಗಿದ ಮೇಲೆ, ತನ್ನ ಇನ್ನೊಂದು ಜೊತೆ ಬೂಟುಗಳನ್ನು ತೆಗೆದು ಆಚೆ ಇಟ್ಟು, ಕಲ್ಲಿಗೆ ಜಾಗ ಮಾಡಿದನಂತೆ. ಈ ಕಥೆ ಹೇಳದೆ ನಮ್ಮ ಮನೆಯಲ್ಲಿ ಒಂದು ಕ್ರಿಸ್‌ಮಸ್ಸೂ ಮುಗಿಯುತ್ತಿರಲಿಲ್ಲ."

ನನ್ನ ಕೈಯಲ್ಲಿದ್ದ ಕಾಫಿ ತಣ್ಣಗಾಯಿತು. ಕಲ್ಲು ಅವರದು, ಅನುಮಾನವೇ ಇಲ್ಲ. ಆದರೆ ಎರಡು ವರ್ಷ ಒಪ್ಪೊತ್ತು ಮಾಡಿದ ಮುದುಕಿಗೆ ನಿನ್ನ ಈಶ್ವರ ಕೋಸು ಅದುಮುತ್ತಿದ್ದನಂತೆ ಎಂದು ಯಾವ ಬಾಯಲ್ಲಿ ಹೇಳಲಿ? ತಡವರಿಸುತ್ತಾ ಕನ್ನಡದಲ್ಲಿ ಎಲ್ಲವನ್ನೂ ಹೇಳಿದೆ. ಬೂಟಿನ ಭಾಗವನ್ನು ಸ್ವಲ್ಪ ಬೇಗ ಹೇಳಿ ಮುಗಿಸಿದೆ.

ಅಮ್ಮ ಕೇಳಿದ್ದು ಒಂದೇ ಮಾತು. "ಮೂರು ಮಕ್ಕಳು ಹೋದ್ವು ಅಂದ್ಯಲ್ಲ, ಆ ತಾಯೀದಾ?"

"ಹೂಂನಮ್ಮ."

ಒಳಗೆ ಹೋದವಳು ವಿಭೂತಿ, ಗುಲಾಬಿ ಸಮೇತ ಕಲ್ಲನ್ನು ಎತ್ತಿಕೊಂಡು ಬಂದಳು. ಒಂದು ತೆಂಗಿನಕಾಯಿ, ಒಂದು ಬೊಗಸೆ ಅಕ್ಕಿ ತಂದಳು. ಹಬ್ಬಕ್ಕೆ ಬಂದ ಮಗಳಿಗೆ ಮಡಿಲು ತುಂಬುವ ಹಾಗೆ ಎಲ್ಲವನ್ನೂ ಡೊರೊತಿಯ ಮಡಿಲಿಗೆ ಹಾಕಿ, "ತವರಿಂದ ತಂದಿದ್ದು, ಅವರ ಮನೇಲೇ ಇರ್ಬೇಕು" ಎಂದಳು. ಡೊರೊತಿ ಕಲ್ಲನ್ನು ಎದೆಗವುಚಿಕೊಂಡು ಅತ್ತರು. ವಿಭೂತಿಯನ್ನು ಮುಟ್ಟಿ ಇದೇನೆಂದು ಕೇಳಿದರು. ಈ ಮನೆಯಲ್ಲಿ ಅದು ದೇವರಾಗಿತ್ತು ಎಂದೆ. ಅಳುತ್ತಲೇ ನಕ್ಕುಬಿಟ್ಟರು. "ಮಾರ್ಗರೇತಾಗೆ ಗೊತ್ತಾಗಿದ್ದರೆ ಮೊದಲು ಗಂಡನನ್ನು ಕರೆದು ಹೇಳುತ್ತಿದ್ದಳು!"

ಸುಮಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಷ್ಟು ದೊಡ್ಡ ಕೆಲಸ ನನ್ನಿಂದಾಯಿತಲ್ಲ ಎಂದು ನಾನೂ ಸ್ವಲ್ಪ ಬೀಗುತ್ತಿದ್ದೆ. ಅಷ್ಟರಲ್ಲಿ ಡೊರೊತಿ ಅಮ್ಮನ ಕೈ ಹಿಡಿದು, ನನ್ನ ಕಡೆ ತಿರುಗಿ, "ನಿಮ್ಮ ತಾಯಿ ಅವರ ಮನೆಯಿಂದ ಏನು ತಂದರು? ಕೇಳಿ ಹೇಳಿ" ಎಂದರು.

ಕೇಳಿದೆ. ಅಮ್ಮ ನನ್ನನ್ನೇ ನೋಡಿದಳು. ಕೋಪವೇನೂ ಇರಲಿಲ್ಲ.

"ತರ್ತಾ ಇದ್ದೆ ಅಂತ ಹೇಳು. ಮಿಕ್ಕಿದ್ದು ನಿನಗೇ ಗೊತ್ತಲ್ಲ, ಚೆನ್ನಾಗಿ ಹೇಳ್ತೀಯ."

ಡೊರೊತಿ ಕಾಯುತ್ತಿದ್ದರು. ಊರವರ ವಂಶವನ್ನೆಲ್ಲ ಕೆದಕಿದ ನಾನು ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ, ಇನ್ನು ಸ್ವಲ್ಪ ಕಾಫಿ ಹಾಕಲೇ ಎಂದು ಕೇಳಿದೆ.